ತಪ್ಪು ತಡವಾಗಿ ತಿಳಿಯುವ ಜಾಗ: ಕಾಲೇಜಿನ ಮೊದಲ ಸೆಮಿಸ್ಟರ್

(ಹೊಸದಾಗಿ ಕಾಲೇಜು ಸೇರಿದವರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಮೊದಲ ಸೆಮಿಸ್ಟರಿನವರು. ಹಿಂದಿನ ಸಾಲುಗಳಲ್ಲಿ ಕೆಲವರು ತಂದೆತಾಯಂದಿರೂ ಇದ್ದೀರಿ. ಕಷ್ಟಪಟ್ಟು ಓದಿ, ಒಳ್ಳೆಯವರ ಸಹವಾಸ ಮಾಡಿ, ಸಮಯ ಹಾಳು ಮಾಡಬೇಡಿ ಎಂಬ ಮಾತನ್ನು ನೀವು ಈಗಾಗಲೇ ನೂರು ಸಲ ಕೇಳಿರುತ್ತೀರಿ. ನೂರಾ ಒಂದನೇ ಸಲ ಅದನ್ನೇ ಹೇಳಲು ಇಷ್ಟು ಜನರನ್ನು ಕೂರಿಸಿಕೊಳ್ಳಬೇಕಿಲ್ಲ.

ಇವತ್ತು ಹೇಳುವುದು ಒಂದೇ ವಿಷಯ, ಉಳಿದದ್ದೆಲ್ಲ ಅದರ ಸುತ್ತ. ಶಾಲೆಯಲ್ಲಿ ನೀವು ತಪ್ಪಿದರೆ ಬೇಗ ಗೊತ್ತಾಗುತ್ತಿತ್ತು. ಹೋಂವರ್ಕ್ ಮಾಡದಿದ್ದರೆ ಮರುದಿನ ಬೆಳಿಗ್ಗೆಯೇ ಸಿಕ್ಕಿಬೀಳುತ್ತಿದ್ದಿರಿ. ಪಾಠ ಅರ್ಥವಾಗಿಲ್ಲ ಎಂದು ಮುಖ ನೋಡಿಯೇ ಟೀಚರ್ ಹಿಡಿಯುತ್ತಿದ್ದರು. ಕಾಲೇಜಿನಲ್ಲಿ ಎರಡನೇ ವಾರ ತಪ್ಪಿಹೋದ ಎಳೆ ಗೊತ್ತಾಗುವುದು ಆರನೆಯದೋ ಎಂಟನೆಯದೋ ವಾರದ ಟೆಸ್ಟಿನಲ್ಲಿ. ಉತ್ತರಪತ್ರಿಕೆ ಕೈಗೆ ಬರುವ ಹೊತ್ತಿಗೆ ಮತ್ತೆ ಒಂದೆರಡು ವಾರ. ಅಷ್ಟರಲ್ಲಿ ಅದೇ ಎಳೆಯ ಮೇಲೆ ಇನ್ನೆರಡು ಯೂನಿಟ್ ನೇಯ್ದಾಗಿರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಆಗುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಎಡವಿದವರಲ್ಲಿ ದಡ್ಡರು ಕಡಿಮೆ, ತಡವಾಗಿ ತಿಳಿದವರು ಹೆಚ್ಚು. ಆದ್ದರಿಂದ ಈಗ ಹೇಳುವ ಪ್ರತಿಯೊಂದು ಉಪಾಯದ ಹಿಂದೆಯೂ ಒಂದೇ ಪ್ರಶ್ನೆ ಇದೆ: ತಪ್ಪಿದ್ದು ನನಗೆ ಈ ವಾರವೇ ಗೊತ್ತಾಗುವಂತೆ ಮಾಡಿಕೊಳ್ಳುವುದು ಹೇಗೆ?

ಮೋಸದ ಮೂರು ವಾರ

ಮೊದಲ ಎರಡು ಮೂರು ವಾರ ಬಹುತೇಕ ವಿಷಯಗಳಲ್ಲಿ ಹಳೆಯ ಪಾಠವೇ ಮತ್ತೆ ಬರುತ್ತದೆ. ಬೇರೆ ಬೇರೆ ಶಾಲೆಗಳಿಂದ ಬಂದವರನ್ನು ಒಂದೇ ಮಟ್ಟಕ್ಕೆ ತರಲು ಮೇಷ್ಟ್ರು ಬೇಕೆಂದೇ ಹೀಗೆ ಮಾಡುತ್ತಾರೆ. ವಿದ್ಯಾರ್ಥಿಗೆ ಮಾತ್ರ ‘ಇಷ್ಟೇನಾ ಕಾಲೇಜು?’ ಅನಿಸುತ್ತದೆ. ನಾಲ್ಕನೇ ವಾರ ವೇಗ ಏರಿದಾಗ, ನೋಟ್ಸ್ ಬರೆಯದೆ ಕೂರುವುದು ಆಗಲೇ ಅಭ್ಯಾಸವಾಗಿಬಿಟ್ಟಿರುತ್ತದೆ. ಪಾಠ ಹಗುರವಾಗಿರುವ ಈ ವಾರಗಳಲ್ಲಿಯೇ ಮಾಡಿ ಮುಗಿಸಬೇಕಾದ ಒಂದು ಕೆಲಸವಿದೆ, ಅದಕ್ಕೆ ಎರಡು ಗಂಟೆ ಸಾಕು.

ಎಲ್ಲ ವಿಷಯಗಳ ಸಿಲಬಸ್ ತನ್ನಿ. ಒಂದು ದೊಡ್ಡ ಹಾಳೆಯಲ್ಲಿ ಸೆಮಿಸ್ಟರಿನ ವಾರಗಳನ್ನು ಅಡ್ಡಸಾಲಾಗಿ ಬರೆಯಿರಿ, ಹದಿನೈದೋ ಹದಿನಾರೋ ಇರುತ್ತವೆ. ವಿಷಯಗಳನ್ನು ಕಂಬಸಾಲಾಗಿ ಬರೆಯಿರಿ. ಟೆಸ್ಟ್, ಅಸೈನ್‌ಮೆಂಟ್, ಸೆಮಿನಾರ್, ಲ್ಯಾಬ್ ರೆಕಾರ್ಡ್ ಒಪ್ಪಿಸುವ ದಿನ, ಶುಲ್ಕ ಕಟ್ಟುವ ಕೊನೆಯ ದಿನ, ವಿಷಯ ಬದಲಾಯಿಸಿಕೊಳ್ಳುವ ಕೊನೆಯ ದಿನ, ಎಲ್ಲವನ್ನೂ ಆಯಾ ಮನೆಯಲ್ಲಿ ತುಂಬಿ. ಪ್ರತಿಯೊಂದರ ಪಕ್ಕ ಎಷ್ಟು ಅಂಕ ಎಂದೂ ಬರೆಯಿರಿ. ಹಾಳೆ ತುಂಬಿದ ಮೇಲೆ ನೋಡಿ: ಒಂದೆರಡು ವಾರಗಳಲ್ಲಿ ಎಲ್ಲ ವಿಷಯದವರೂ ಒಟ್ಟಿಗೆ ಮುಗಿಬಿದ್ದಿರುತ್ತಾರೆ. ಒಬ್ಬ ಮೇಷ್ಟ್ರಿಗೆ ಇನ್ನೊಬ್ಬರು ಏನು ಕೊಟ್ಟಿದ್ದಾರೆ ಎಂಬುದು ಗೊತ್ತಿರುವುದಿಲ್ಲ, ಹಾಗಾಗಿ ಈ ಡಿಕ್ಕಿ ಎಲ್ಲ ಕಡೆಯೂ ಆಗುತ್ತದೆ. ಆ ವಾರಕ್ಕೆ ಕೆಂಪು ಬಣ್ಣ ಬಳಿಯಿರಿ. ಅದರ ಹಿಂದಿನ ಎರಡು ವಾರಗಳಲ್ಲಿ ಮದುವೆ, ಪ್ರವಾಸ, ಕಾಲೇಜು ಉತ್ಸವದ ಜವಾಬ್ದಾರಿ ಯಾವುದನ್ನೂ ಒಪ್ಪಿಕೊಳ್ಳಬೇಡಿ.

ಅಂಕದ ಲೆಕ್ಕವನ್ನೂ ಈಗಲೇ ಮಾಡಿಟ್ಟುಕೊಳ್ಳಿ. ಉದಾಹರಣೆಗೆ ಒಂದು ವಿಷಯಕ್ಕೆ ಇಂಟರ್ನಲ್ಸ್ (ಸೆಮಿಸ್ಟರಿನ ನಡುವಿನ ಟೆಸ್ಟು, ಅಸೈನ್‌ಮೆಂಟುಗಳ ಅಂಕ) 40, ಕೊನೆಯ ಪರೀಕ್ಷೆ 60 ಅಂಕ ಎಂದುಕೊಳ್ಳೋಣ. ಒಟ್ಟು 70 ಬೇಕು. ಇಂಟರ್ನಲ್ಸ್‌ನಲ್ಲಿ 34 ಬಂದವರಿಗೆ ಕೊನೆಯಲ್ಲಿ 60ಕ್ಕೆ 36 ಸಾಕು. 18 ಬಂದವರಿಗೆ 52 ಬೇಕು, ಅಂದರೆ ನೂರಕ್ಕೆ ಸುಮಾರು 87ರ ಲೆಕ್ಕ. ಪರೀಕ್ಷೆಯ ಹಿಂದಿನ ದಿನ ಇಬ್ಬರೂ ಒಂದೇ ಪುಸ್ತಕ ಹಿಡಿದು ಕೂತಿರುತ್ತಾರೆ, ಆದರೆ ಹತ್ತಬೇಕಾದ ಬೆಟ್ಟ ಬೇರೆ.

ಹಾಜರಾತಿಯದೂ ಇಂಥದೇ ಲೆಕ್ಕ. ನಿಮ್ಮಲ್ಲಿ ನೂರಕ್ಕೆ 75 ಹಾಜರಾತಿ ಕಡ್ಡಾಯ ಎಂದಿಟ್ಟುಕೊಳ್ಳಿ. ಮೊದಲ 20 ತರಗತಿಗಳಲ್ಲಿ 10 ತಪ್ಪಿಸಿದವರು ಅಲ್ಲಿಗೆ ಮುಟ್ಟಲು ಮುಂದಿನ 20 ತರಗತಿಗೆ ಒಂದನ್ನೂ ಬಿಡದೆ ಬರಬೇಕು. ನಡುವೆ ಜ್ವರ ಬಂದರೆ ಲೆಕ್ಕ ಕೆಟ್ಟಿತು. ರಜೆಯ ಅವಕಾಶವಿದ್ದರೆ ಅದನ್ನು ಸೆಮಿಸ್ಟರಿನ ಕೊನೆಗೆ ಉಳಿಸಿಕೊಳ್ಳಿ. ಕಾಯಿಲೆ ಹೇಳಿ ಕೇಳಿ ಬರುವುದಿಲ್ಲ.

168 ಗಂಟೆ

ವಾರಕ್ಕೆ ಎಲ್ಲರಿಗೂ ಇರುವುದು 168 ಗಂಟೆ. ನಿದ್ದೆಗೆ ದಿನಕ್ಕೆ 8ರಂತೆ 56 ತೆಗೆಯಿರಿ. ತರಗತಿ ಮತ್ತು ಲ್ಯಾಬಿಗೆ 25, ಓಡಾಟಕ್ಕೆ 10, ಸ್ನಾನ ಊಟ ಬಟ್ಟೆಬರೆ ಎಂದು ದಿನಕ್ಕೆ 3ರಂತೆ 21. ತರಗತಿಯಲ್ಲಿ ಕಳೆದಷ್ಟೇ ಹೊತ್ತು ಹೊರಗೆ ಸ್ವಂತ ಓದಿಗೆ, ಅಂದರೆ ಮತ್ತೆ 25. ಇಷ್ಟೆಲ್ಲ ಕಳೆದರೂ 31 ಗಂಟೆ ಉಳಿಯುತ್ತದೆ. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು! ಆದರೂ ಸಮಯವೇ ಸಿಗುವುದಿಲ್ಲ ಎಂದು ಎಲ್ಲರೂ ಹೇಳುವುದೇಕೆ? ಆ ಗಂಟೆಗಳು ಇಡಿಯಾಗಿ ಇಲ್ಲದೆ ಚೂರುಚೂರಾಗಿ ಬಿದ್ದಿರುತ್ತವೆ. ಎರಡು ತರಗತಿಗಳ ನಡುವೆ 50 ನಿಮಿಷ, ಲ್ಯಾಬ್ ಬೇಗ ಮುಗಿದಾಗ 40 ನಿಮಿಷ. ಈ ಚೂರುಗಳಿಗೆ ಕೆಲಸ ಗೊತ್ತುಮಾಡದಿದ್ದರೆ ಫೋನ್ ಅವನ್ನೆಲ್ಲ ನುಂಗುತ್ತದೆ.

ಹೊರಗಿನ ಓದಿಗೆ 25 ಗಂಟೆ ಜಾಸ್ತಿಯಾಯಿತು ಎನಿಸಬಹುದು. ಓದಿನ ಹೊರೆಯನ್ನು ಕ್ರೆಡಿಟ್ ಎಂಬ ಮಾನದಲ್ಲಿ ಅಳೆಯುವ ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ಪೂರ್ಣಾವಧಿ ವಿದ್ಯಾರ್ಥಿಗೆ ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆಯ ಕೆಲಸ. ವರ್ಷಕ್ಕೆ 1500ರಿಂದ 1800 ಗಂಟೆಯಾಯಿತು. ಅಮೆರಿಕದಲ್ಲಿ ತರಗತಿಯ ಒಂದು ಗಂಟೆಗೆ ಹೊರಗೆ ಎರಡು ಗಂಟೆ ಎಂಬ ಹಳೆಯ ಲೆಕ್ಕವಿದೆ. ನಾನು ಹೇಳಿದ್ದು ಅದಕ್ಕಿಂತ ಸಡಿಲ.

ಇನ್ನು ‘ಈ ಕೆಲಸಕ್ಕೆ ಎಷ್ಟು ಹೊತ್ತು ಬೇಕು’ ಎಂಬ ಅಂದಾಜು. ಇದರಲ್ಲಿ ನಾವೆಲ್ಲ ತಪ್ಪುತ್ತೇವೆ, ಅದೂ ಒಂದೇ ದಿಕ್ಕಿಗೆ. 1994ರಲ್ಲಿ ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಎಂಬ ಸಂಶೋಧಕರು ಪ್ರಬಂಧ ಬರೆಯುತ್ತಿದ್ದ ಮನಶ್ಶಾಸ್ತ್ರ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಿದರು. ಸರಾಸರಿ ಉತ್ತರ 34 ದಿನ. ಎಲ್ಲವೂ ಕೆಟ್ಟರೆ ಎಂದು ಕೇಳಿದಾಗ 49 ದಿನ. ನಿಜವಾಗಿ ಹಿಡಿದದ್ದು 55 ದಿನ. ಕೆಟ್ಟ ಅಂದಾಜೂ ಸಾಲಲಿಲ್ಲ ನೋಡಿ. ಹಾಗಾಗಿ ಮನಸ್ಸಿಗೆ ಬಂದ ಅಂದಾಜನ್ನು ಒಂದೂವರೆಯಿಂದ ಎರಡು ಪಟ್ಟು ಮಾಡಿಕೊಳ್ಳಿ. ಅಸೈನ್‌ಮೆಂಟಿಗೆ ನಿಮ್ಮದೇ ಒಂದು ಕೊನೆಯ ದಿನವನ್ನು, ನಿಜವಾದ ಕೊನೆಯ ದಿನಕ್ಕಿಂತ 48 ಗಂಟೆ ಮುಂಚೆ ಇಟ್ಟುಕೊಳ್ಳಿ. ಪ್ರಿಂಟರ್ ಕೆಡುವುದು, ಕಾಲೇಜಿನ ವೆಬ್‌ಸೈಟ್ ತೆರೆಯದಿರುವುದು, ಗುಂಪಿನಲ್ಲೊಬ್ಬ ಊರಿಗೆ ಹೋಗುವುದು, ಎಲ್ಲ ಆ 48 ಗಂಟೆಯಲ್ಲೇ ಆಗುತ್ತವೆ.

ಓದಿದ್ದೇನೆ ಎಂಬ ಭ್ರಮೆ

ಇವತ್ತಿನ ಮಾತಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ. ಓದು ಎಂದರೆ ನಮ್ಮಲ್ಲಿ ಬಹುತೇಕರಿಗೆ ಪುಸ್ತಕ ತೆರೆದು, ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು, ಮತ್ತೆ ಮತ್ತೆ ಕಣ್ಣಾಡಿಸುವುದು. ಮೂರನೇ ಸಲ ಓದುವಾಗ ಎಲ್ಲ ಪರಿಚಿತ ಅನಿಸುತ್ತದೆ. ಆ ಪರಿಚಯವನ್ನು ನಾವು ತಿಳಿವಳಿಕೆ ಎಂದುಕೊಳ್ಳುತ್ತೇವೆ. ದಿನವೂ ಬಸ್ಸಿನಲ್ಲಿ ನೋಡುವ ಮುಖ ಪರಿಚಿತ, ಹೆಸರು ಕೇಳಿದರೆ ಗೊತ್ತಿಲ್ಲ. ಹಾಗೆಯೇ ಇದು.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಒಂದು ಗುಂಪಿನವರು ಒಂದು ಗದ್ಯಭಾಗವನ್ನು ನಾಲ್ಕು ಸರದಿ ಓದಿದರು. ಇನ್ನೊಂದು ಗುಂಪಿನವರು ಒಂದು ಸರದಿ ಓದಿ, ಉಳಿದ ಮೂರು ಸರದಿ ಅದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಬರೀ ಓದಿದವರೇ ಮುಂದೆ: ನೂರಕ್ಕೆ 83, ಬರೆದವರು 71. ಒಂದು ವಾರದ ನಂತರ ಕೇಳಿದಾಗ ಓದಿದವರಲ್ಲಿ ಉಳಿದದ್ದು ನೂರಕ್ಕೆ 40, ಬರೆದವರಲ್ಲಿ 61. ಚೆನ್ನಾಗಿ ನೆನಪಿಡುತ್ತೇವೆ ಎಂಬ ಧೈರ್ಯ ಹೆಚ್ಚಿದ್ದದ್ದು ಮಾತ್ರ ಬರೀ ಓದಿದವರಿಗೆ! ನಮ್ಮ ಒಳಗಿನ ಮಾಪಕವೇ ತಪ್ಪು ತೋರಿಸುತ್ತದೆ ಎಂದಾಯಿತು. 2013ರಲ್ಲಿ ಡನ್ಲಾಸ್ಕಿ ಮತ್ತು ಸಂಗಡಿಗರು ಹತ್ತು ಓದಿನ ವಿಧಾನಗಳ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದಾಗ, ಗೆರೆ ಎಳೆಯುವುದು ಮತ್ತು ಮರುಓದು ಕೆಳಸಾಲಿಗೆ ಬಿದ್ದವು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಓದನ್ನು ದಿನಗಳ ಅಂತರದಲ್ಲಿ ಹಂಚಿಕೊಳ್ಳುವುದು, ಇವೆರಡೇ ಮೇಲಿನ ಸಾಲಿನಲ್ಲಿದ್ದವು.

ಇದನ್ನು ದಿನಚರಿಗೆ ಇಳಿಸುವುದು ಹೀಗೆ. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ 1950ರ ದಶಕದಲ್ಲಿ ರೂಪಿಸಿದ ನೋಟ್ಸ್ ವಿಧಾನ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎ4 ಹಾಳೆಯ ಎಡಗಡೆ 6 ಸೆಂಟಿಮೀಟರ್ ಬಿಟ್ಟು ಉದ್ದಕ್ಕೆ ಗೆರೆ ಹಾಕಿ, ಕೆಳಗೆ 5 ಸೆಂಟಿಮೀಟರ್ ಬಿಡಿ. ತರಗತಿಯಲ್ಲಿ ಬಲಗಡೆಯ ದೊಡ್ಡ ಜಾಗದಲ್ಲಿ ಮಾತ್ರ ಬರೆಯಿರಿ. ಅದೇ ದಿನ ಸಂಜೆ, ಪ್ರತಿ ವಿಷಯಕ್ಕೆ ಹತ್ತು ನಿಮಿಷದಂತೆ ಕೂತು, ಬಲಗಡೆಯ ಪ್ರತಿ ತುಂಡಿಗೂ ಎಡಗಡೆ ಒಂದು ಪ್ರಶ್ನೆ ಬರೆಯಿರಿ. ‘ವ್ಯಾಖ್ಯೆ’ ಎಂದು ಶೀರ್ಷಿಕೆ ಬರೆದರೆ ಪ್ರಯೋಜನವಿಲ್ಲ, ‘ಈ ಸೂತ್ರ ಯಾವಾಗ ಅನ್ವಯಿಸುವುದಿಲ್ಲ?’ ಎಂಬಂಥ ನಿಜವಾದ ಪ್ರಶ್ನೆ ಬೇಕು. ಕೆಳಗೆ ಇಡೀ ಪುಟದ ಸಾರ ಎರಡು ವಾಕ್ಯದಲ್ಲಿ. ಪ್ರಶ್ನೆ ಹುಟ್ಟದ ಜಾಗವೇ ನಿಮಗೆ ಅರ್ಥವಾಗದ ಜಾಗ. ಆರು ವಾರ ಕಾಯದೆ ಅದೇ ಸಂಜೆ ಗೊತ್ತಾಯಿತಲ್ಲ.

ಆಮೇಲೆ ಬಲಗಡೆಯನ್ನು ಕೈಯಿಂದ ಮುಚ್ಚಿ, ಎಡಗಡೆಯ ಪ್ರಶ್ನೆಗಳಿಗೆ ಬಾಯಲ್ಲೋ ಹಾಳೆಯಲ್ಲೋ ಉತ್ತರ ಕೊಡುವುದು. ಮರುದಿನ ಒಮ್ಮೆ, ಮೂರನೇ ದಿನ ಒಮ್ಮೆ, ವಾರಕ್ಕೆ ಒಮ್ಮೆ, ಮೂರು ವಾರಕ್ಕೆ ಒಮ್ಮೆ. ಈ ಸಂಖ್ಯೆಗಳೇನೂ ಶಾಸನವಲ್ಲ. ಅಂತರ ಬೆಳೆಯುತ್ತಾ ಹೋಗಬೇಕು ಎಂಬುದಷ್ಟೇ ಮುಖ್ಯ. ಮರೆವಿನ ರೇಖೆಯನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ಪ್ರಕಟಿಸಿದ್ದರು: ಕಲಿತ ಮೊದಲ ಗಂಟೆಗಳಲ್ಲಿ ಮರೆವು ಅತಿ ವೇಗ, ಆಮೇಲೆ ನಿಧಾನ. ಮೊದಲ ಮರುಕಳಿಕೆ ಅದೇ ದಿನವೋ ಮರುದಿನವೋ ಆಗಬೇಕೆನ್ನುವುದು ಇದಕ್ಕೇ. ಕೆಲವು ಪ್ರಶ್ನೆಗೆ ಉತ್ತರ ಬಾರದೆ ತಿಣುಕಾಡುವಿರಿ, ಬೇಸರವಾಗುತ್ತದೆ. ಆ ತಿಣುಕಾಟವೇ ಕೆಲಸ ಮಾಡುತ್ತಿರುವುದು. ಸಲೀಸಾಗಿ ಸಾಗುವ ಓದಿನ ಮೇಲೆಯೇ ಅನುಮಾನ ಇರಲಿ.

ಲ್ಯಾಪ್‌ಟಾಪಿನಲ್ಲಿ ನೋಟ್ಸ್ ಮಾಡಬಹುದೇ ಎಂದು ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಕೈಬರಹವೇ ಮೇಲು ಎಂದ 2014ರ ಒಂದು ಅಧ್ಯಯನ ಬಹಳ ಹೆಸರು ಮಾಡಿತು, ಆಮೇಲೆ ಅದನ್ನೇ ಮತ್ತೆ ಮಾಡಿ ನೋಡಿದವರಿಗೆ ಅಷ್ಟು ಸ್ಪಷ್ಟ ಫಲ ಸಿಗಲಿಲ್ಲ. ನನಗನಿಸುವಂತೆ ಸಾಧನಕ್ಕಿಂತ ಎರಡು ಅಪಾಯಗಳು ಮುಖ್ಯ: ವೇಗವಾಗಿ ಟೈಪ್ ಮಾಡುವವರು ಯೋಚಿಸದೆ ಮೇಷ್ಟ್ರ ಮಾತನ್ನು ಅಕ್ಷರಶಃ ಇಳಿಸಿಕೊಳ್ಳುತ್ತಾರೆ, ಜೊತೆಗೆ ಪಕ್ಕದ ಕಿಟಕಿಯಲ್ಲಿ ಇನ್ನೇನೋ ತೆರೆದಿರುತ್ತದೆ. ಇವೆರಡನ್ನೂ ತಡೆಯಬಲ್ಲವರು ಯಾವುದರಲ್ಲಿ ಬರೆದರೂ ಸರಿ.

ಲೆಕ್ಕ ಇರುವ ವಿಷಯಗಳಲ್ಲಿ ಭ್ರಮೆಯ ರೂಪ ಬೇರೆ. ಬಿಡಿಸಿದ ಲೆಕ್ಕವನ್ನು ನೋಡುತ್ತಾ ಹೋದರೆ ಪ್ರತಿ ಹೆಜ್ಜೆಗೂ ತಲೆ ಆಡುತ್ತದೆ. ಪುಸ್ತಕ ಮುಚ್ಚಿದರೆ ಮೊದಲ ಹೆಜ್ಜೆಯೇ ಹೊಳೆಯುವುದಿಲ್ಲ. ಯಾಕೆಂದರೆ ಪರೀಕ್ಷೆಯಲ್ಲಿ ಕಷ್ಟವಾಗುವುದು ಲೆಕ್ಕ ಬಿಡಿಸುವುದಕ್ಕಿಂತ, ಇದು ಯಾವ ಜಾತಿಯ ಲೆಕ್ಕ ಎಂದು ಗುರುತಿಸುವುದು. ಪಾಠದ ಕೊನೆಯ ಅಭ್ಯಾಸದಲ್ಲಿ ಆ ಗುರುತು ಶೀರ್ಷಿಕೆಯಲ್ಲೇ ಸಿಕ್ಕಿಬಿಡುತ್ತದೆ. ಆದ್ದರಿಂದ ಮೂರು ನಾಲ್ಕು ಪಾಠಗಳ ಲೆಕ್ಕಗಳನ್ನು ಚೀಟಿಯಲ್ಲಿ ಬರೆದು, ಕಲೆಸಿ, ಒಂದೊಂದಾಗಿ ಎತ್ತಿ ಬಿಡಿಸಿ. ಸಿಕ್ಕಿಹಾಕಿಕೊಂಡರೆ 20 ನಿಮಿಷ ಹೆಣಗಾಡಿ. ಆಮೇಲೆ ಉತ್ತರದ ಒಂದೇ ಸಾಲು ನೋಡಿ, ಮತ್ತೆ ಮುಚ್ಚಿ. ತಪ್ಪಾದ ಪ್ರತಿ ಲೆಕ್ಕವನ್ನೂ ಒಂದು ಪುಸ್ತಕದಲ್ಲಿ ದಾಖಲಿಸಿ, ಪಕ್ಕದಲ್ಲಿ ಕಾರಣ: ತತ್ವವೇ ಗೊತ್ತಿರಲಿಲ್ಲವೇ, ಸೂತ್ರದ ಷರತ್ತು ಮರೆತಿತ್ತೇ, ಕೂಡುವ ಕಳೆಯುವ ತಪ್ಪೇ, ಪ್ರಶ್ನೆಯನ್ನೇ ಸರಿಯಾಗಿ ಓದಲಿಲ್ಲವೇ? ಒಂದು ತಿಂಗಳಾದ ಮೇಲೆ ಎಣಿಸಿ ನೋಡಿ. ‘ನನಗೆ ಗಣಿತ ಬರುವುದಿಲ್ಲ’ ಎನ್ನುತ್ತಿದ್ದ ಎಷ್ಟೋ ಜನರ ಪಟ್ಟಿಯಲ್ಲಿ ಕೊನೆಯ ಎರಡು ಕಾರಣಗಳೇ ತುಂಬಿರುತ್ತವೆ.

ಲ್ಯಾಬಿನ ಬಗ್ಗೆ ಎರಡು ಮಾತು ಸಾಕು. ಪ್ರಯೋಗದ ಉದ್ದೇಶ, ಉಪಕರಣ, ಅಳೆಯಬೇಕಾದ ಪರಿಮಾಣಗಳು, ಇವನ್ನು ಹಿಂದಿನ ದಿನವೇ 15 ನಿಮಿಷ ಓದಿಕೊಂಡು, ಖಾಲಿ ಕೋಷ್ಟಕ ಗೆರೆ ಹಾಕಿಕೊಂಡು ಹೋಗಿ. ರೆಕಾರ್ಡನ್ನು 24 ಗಂಟೆಯೊಳಗೆ ಬರೆಯಿರಿ. ಒಂದು ವಾರ ಬಿಟ್ಟರೆ ಮೂರನೇ ಅಳತೆ ಯಾಕೆ ಹೊರಗೆ ಹೋಗಿತ್ತು ಎಂಬುದು ಮರೆತಿರುತ್ತದೆ, ಆಗ ಗೆಳೆಯನದನ್ನು ನಕಲು ಮಾಡುವ ದಾರಿ ಹಿಡಿಯುತ್ತೀರಿ. ರೆಕಾರ್ಡ್ ವಾಪಸ್ ಬರುವುದು ಸಾಮಾನ್ಯವಾಗಿ ಅಳತೆಯ ಮಾನ (ಯೂನಿಟ್) ಬರೆಯದ್ದಕ್ಕೆ, ಗ್ರಾಫಿನ ಅಕ್ಷಗಳಿಗೆ ಹೆಸರಿಡದ್ದಕ್ಕೆ, ಉಪಕರಣ ತೋರಿಸದಷ್ಟು ದಶಮಾಂಶ ಸ್ಥಾನಗಳನ್ನು ಕ್ಯಾಲ್ಕುಲೇಟರ್ ನೋಡಿ ಇಳಿಸಿದ್ದಕ್ಕೆ.

ಭಾಷೆ ಬದಲಾದವರಿಗೆ

ಇಲ್ಲಿ ಕೆಲವರು ಮಾತೃಭಾಷೆಯಲ್ಲಿ ಓದಿ ಬಂದು ಈಗ ಇಂಗ್ಲಿಷಿನಲ್ಲಿ ಪಾಠ ಕೇಳುತ್ತಿದ್ದೀರಿ. ಪಾರಿಭಾಷಿಕ ಪದಗಳು ಕಷ್ಟ ಎಂದುಕೊಂಡಿರುತ್ತೀರಿ. ಅವು ನಿಜಕ್ಕೂ ಸುಲಭ. ಒಂದು ವಿಷಯಕ್ಕೆ ನೂರಿನ್ನೂರು ಇರಬಹುದು, ಪಕ್ಕದಲ್ಲಿ ಕೂತ ಇಂಗ್ಲಿಷ್ ಮಾಧ್ಯಮದವರಿಗೂ ಅವು ಹೊಸವೇ. ನಿಜವಾದ ತೊಡಕು ಸಣ್ಣ ಪದಗಳಲ್ಲಿದೆ. ‘ಹೆನ್ಸ್’ (ಆದ್ದರಿಂದ), ‘ಪ್ರೊವೈಡೆಡ್ ದಟ್’ (ಎಂಬ ಷರತ್ತಿನ ಮೇಲೆ), ‘ಅನ್ಲೆಸ್’ (ಹಾಗಾಗದ ಹೊರತು) ಇಂಥವುಗಳ ಮೇಲೆ ಇಡೀ ವಾಕ್ಯದ ತರ್ಕ ನಿಂತಿರುತ್ತದೆ. ಇನ್ನು ಪ್ರಶ್ನೆಪತ್ರಿಕೆಯ ಕ್ರಿಯಾಪದಗಳು: ‘ಡಿಫೈನ್’ ಎಂದರೆ ಎರಡು ಸಾಲಿನ ವ್ಯಾಖ್ಯೆ, ‘ಡಿರೈವ್’ ಎಂದರೆ ಹೆಜ್ಜೆ ಬಿಡದೆ ಸಾಧಿಸಿ ತೋರಿಸುವುದು, ‘ಕಂಪೇರ್’ ಎಂದರೆ ಒಂದೇ ಮಾನದಂಡದಲ್ಲಿ ಎರಡನ್ನೂ ಅಕ್ಕಪಕ್ಕ ಇಡುವುದು, ‘ಜಸ್ಟಿಫೈ’ ಎಂದರೆ ಕಾರಣ ಕೊಡುವುದು. ‘ಕಂಪೇರ್’ ಎಂದಿದ್ದಕ್ಕೆ ಮೊದಲ ಪುಟದಲ್ಲಿ ಒಂದರ ವಿವರ, ಎರಡನೇ ಪುಟದಲ್ಲಿ ಇನ್ನೊಂದರ ವಿವರ ಬರೆದು ಅರ್ಧದಷ್ಟು ಅಂಕ ಕಳೆದುಕೊಳ್ಳುವವರು ಬಹಳ.

ಒಂದು ಪುಸ್ತಕದಲ್ಲಿ ಮೂರು ಕಾಲಂ ಮಾಡಿ: ಪದ, ಕನ್ನಡದಲ್ಲಿ ನಿಮ್ಮ ಮಾತಿನ ಅರ್ಥ, ಆ ಪದ ಬಂದ ಪೂರ್ತಿ ವಾಕ್ಯ. ದಿನಕ್ಕೆ ಹತ್ತು ಸಾಕು. ವಿಷಯವನ್ನು ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳುವುದರಲ್ಲಿ ಯಾವ ಕೀಳೂ ಇಲ್ಲ. ಆದರೆ ಉತ್ತರ ಬರೆಯುವ ಅಭ್ಯಾಸವನ್ನು ಪರೀಕ್ಷೆಯ ಭಾಷೆಯಲ್ಲೇ, ಮೊದಲ ತಿಂಗಳಿನಿಂದಲೇ ಮಾಡಬೇಕು. ತಲೆಯಲ್ಲಿ ಇರುವುದು ಬೇರೆ, ಮೂರು ಗಂಟೆಯಲ್ಲಿ ಕೈಗೆ ಬರುವುದು ಬೇರೆ.

ಮೇಷ್ಟ್ರನ್ನು ಕಾಣುವುದು

ಅಧ್ಯಾಪಕರ ಕೊಠಡಿಯ ಬಾಗಿಲು ಬಡಿಯುವ ಧೈರ್ಯ ಮಾಡದೆ ಇಡೀ ವರ್ಷ ಕಳೆಯುವವರಿದ್ದಾರೆ. ‘ನನಗೇನೂ ಅರ್ಥವಾಗಲಿಲ್ಲ ಸರ್’ ಎಂದು ಹೋದರೆ ಅವರಾದರೂ ಏನು ಹೇಳಿಯಾರು, ಇಡೀ ಪಾಠ ಮತ್ತೆ ಮಾಡಬೇಕಾಗುತ್ತದೆ. ನೀವು ಎಲ್ಲಿಯವರೆಗೆ ಬಂದಿರಿ ಎಂಬ ಹಾಳೆ ಕೈಯಲ್ಲಿರಲಿ: ‘ಮೇಡಂ, ಮೂರನೇ ಹೆಜ್ಜೆಯವರೆಗೆ ಬಂತು, ಇಲ್ಲಿ ಈ ಪದ ಯಾಕೆ ಸೊನ್ನೆಯಾಗುತ್ತದೆ ತಿಳಿಯಲಿಲ್ಲ.’ ಇಂಥ ಪ್ರಶ್ನೆಗೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ, ನಿಮ್ಮ ಹೆಸರೂ ಅವರಿಗೆ ನೆನಪಿರುತ್ತದೆ. ಇಮೇಲ್ ಬರೆಯುವುದಾದರೆ ವಿಷಯದ ಸಾಲಿನಲ್ಲಿ ಕೋರ್ಸಿನ ಹೆಸರು ಮತ್ತು ಕಾರಣ, ಒಳಗೆ ನಿಮ್ಮ ಹೆಸರು, ಸೆಕ್ಷನ್, ರೋಲ್ ನಂಬರ್, ಒಂದೇ ಪ್ರಶ್ನೆ. ಎರಡು ಕೆಲಸದ ದಿನ ಕಾದು ಒಮ್ಮೆ ನೆನಪಿಸಬಹುದು. ರಾತ್ರಿ ಹನ್ನೊಂದಕ್ಕೆ ವಾಟ್ಸ್ಆಪ್ ಮಾಡಬೇಡಿ.

ಗುಂಪಿನ ಪ್ರಾಜೆಕ್ಟಿಗೂ ಇಲ್ಲೇ ಒಂದು ಮಾತು. ಹಗ್ಗ ಎಳೆಯುವವರ ಸಂಖ್ಯೆ ಹೆಚ್ಚಿದಂತೆ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತದೆ ಎಂದು ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್ಮನ್ 1913ರಲ್ಲೇ ಪ್ರಕಟಿಸಿದ್ದರು. ನಾಲ್ವರ ಗುಂಪಿನಲ್ಲಿ ಒಬ್ಬರೇ ದುಡಿಯುವುದು ಸ್ವಭಾವದ ದೋಷವಷ್ಟೇ ಅಲ್ಲ, ಕೆಲಸಕ್ಕೆ ಹೆಸರು ಹಚ್ಚದಿದ್ದರೆ ಹಾಗಾಗುತ್ತದೆ. ಮೊದಲ ಸಭೆಯಲ್ಲೇ ಯಾರು, ಏನು, ಯಾವ ದಿನಾಂಕಕ್ಕೆ ಎಂದು ಬರೆದು ಗುಂಪಿಗೆ ಹಾಕಿ. ಎಲ್ಲವನ್ನೂ ಜೋಡಿಸುವ ಕೆಲಸಕ್ಕೂ ಒಬ್ಬರ ಹೆಸರಿರಲಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಎಐ ಚಾಟ್‌ಬಾಟುಗಳ ಬಗ್ಗೆ ನನ್ನ ನಿಲುವು ಸರಳ. ಮೊದಲು ನಿಮ್ಮ ಕಾಲೇಜಿನ ನಿಯಮ ಓದಿ, ಒಬ್ಬೊಬ್ಬ ಅಧ್ಯಾಪಕರದೂ ಬೇರೆ ಇರಬಹುದು. ಅನುಮತಿ ಇದ್ದರೂ, ನೀವು ಒಮ್ಮೆ ಪ್ರಯತ್ನಿಸಿದ ಮೇಲೆ ತಪ್ಪು ಹುಡುಕಲು ಬಳಸಿ. ಮೊದಲೇ ಕೇಳಿದರೆ ಬಿಡಿಸಿದ ಲೆಕ್ಕ ನೋಡಿ ತಲೆಯಾಡಿಸಿದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಅವು ಇಲ್ಲದ ಪುಸ್ತಕ, ಇಲ್ಲದ ಲೇಖನದ ಹೆಸರನ್ನು ಧೈರ್ಯವಾಗಿ ಕೊಡುತ್ತವೆ, ಪ್ರತಿ ಆಕರವನ್ನೂ ಗ್ರಂಥಾಲಯದಲ್ಲಿ ಹುಡುಕಿ ಖಚಿತ ಮಾಡಿಕೊಳ್ಳಿ. ಎಲ್ಲಿಂದಾದರೂ ಒಂದು ವಾಕ್ಯ ಇಳಿಸಿಕೊಂಡರೆ ಅದೇ ಕ್ಷಣ ಪುಟಸಂಖ್ಯೆ ಬರೆದಿಡಿ. ಕೃತಿಚೌರ್ಯದ ಎಷ್ಟೋ ಪ್ರಕರಣಗಳು ಹುಟ್ಟುವುದು ಮೋಸದ ಉದ್ದೇಶವೇ ಇಲ್ಲದೆ, ಇದು ಯಾರ ವಾಕ್ಯ ಎಂದು ಮರೆತದ್ದರಿಂದ.

ಮೈ ಮತ್ತು ಮನಸ್ಸು

18ರಿಂದ 25ರ ವಯಸ್ಸಿನವರಿಗೆ 7ರಿಂದ 9 ಗಂಟೆ ನಿದ್ದೆ ಬೇಕು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದರಲ್ಲಿ ನಿದ್ದೆಯ ಪಾಲು ದೊಡ್ಡದು. ಪರೀಕ್ಷೆಯ ಹಿಂದಿನ ರಾತ್ರಿ ಜಾಗರಣೆ ಮಾಡುವುದು ಬಿತ್ತಿದ್ದನ್ನು ತಾನೇ ಕಿತ್ತಂತೆ. ಕೆಫೀನು ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಹಿಡಿಯುತ್ತದೆ, ಮನುಷ್ಯನಿಂದ ಮನುಷ್ಯನಿಗೆ ಹೆಚ್ಚುಕಡಿಮೆ ಇರುತ್ತದೆ. ಸಂಜೆ 6ಕ್ಕೆ ಕುಡಿದ ಕಾಫಿಯ ಅರ್ಧದಷ್ಟು ರಾತ್ರಿ 11ಕ್ಕೂ ಮೈಯಲ್ಲಿರುತ್ತದೆ ಎಂದಾಯಿತು. ರೂಮ್‌ಮೇಟ್ ಜೊತೆ ಮೊದಲ ವಾರವೇ ಐದು ವಿಷಯ ಮಾತಾಡಿ ಮುಗಿಸಿ: ದೀಪ ಆರಿಸುವ ಹೊತ್ತು, ಅಲಾರಂ, ಇಯರ್‌ಫೋನ್ ಇಲ್ಲದೆ ಫೋನ್ ಕೇಳುವುದು, ಬಂದು ಹೋಗುವವರು, ಕಸ. ಆಗ ಮುಜುಗರ ಪಡುವವರು ಮೂರನೇ ತಿಂಗಳಲ್ಲಿ ಜಗಳ ಆಡುತ್ತಾರೆ. ದುಡ್ಡಿನದು ಇಷ್ಟೇ: ತಿಂಗಳದ್ದನ್ನು ಒಟ್ಟಿಗೆ ನೋಡಬೇಡಿ, ನಾಲ್ಕು ವಾರಕ್ಕೆ ಪಾಲು ಮಾಡಿ, ಪ್ರತಿ ಪಾಲಿನಲ್ಲೂ ಹತ್ತನೇ ಒಂದು ಭಾಗ ಮುಟ್ಟದೆ ಇಡಿ.

ಮನೆಯ ನೆನಪು, ‘ಇಲ್ಲಿ ನಾನು ಸಲ್ಲುವವನಲ್ಲ’ ಎಂಬ ಭಾವ, ಇವು ಮೊದಲ ವಾರಗಳಲ್ಲಿ ತೀರಾ ಸಾಮಾನ್ಯ. ಅದನ್ನು ಯಾರೂ ಬಾಯಿಬಿಟ್ಟು ಹೇಳದ್ದರಿಂದ ಪ್ರತಿಯೊಬ್ಬರಿಗೂ ತಾನೊಬ್ಬನೇ ಹೀಗೆ ಎನಿಸುತ್ತದೆ. ವಾಲ್ಟನ್ ಮತ್ತು ಕೋಹೆನ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಒಂದು ಕಾಲೇಜಿನ ಹೊಸ ವಿದ್ಯಾರ್ಥಿಗಳಿಗೆ ಸುಮಾರು ಒಂದು ಗಂಟೆಯ ಚಟುವಟಿಕೆಯಲ್ಲಿ ಈ ಭಾವ ಎಲ್ಲರಿಗೂ ಬರುತ್ತದೆ, ಕಾಲಕ್ರಮದಲ್ಲಿ ಹೋಗುತ್ತದೆ ಎಂಬುದನ್ನು ಮನಗಾಣಿಸಿದರು. ಅಷ್ಟರಿಂದಲೇ ಅಲ್ಲಿನ ಕಪ್ಪು ವಿದ್ಯಾರ್ಥಿಗಳ ಅಂಕಗಳು ಮುಂದಿನ ಮೂರು ವರ್ಷ ಏರುತ್ತಾ ಹೋದವು. ಒಂದು ಕೆಟ್ಟ ದಿನವನ್ನು ‘ನನಗೆ ಇದು ಆಗದು’ ಎಂಬುದಕ್ಕೆ ಸಾಕ್ಷಿಯಾಗಿ ಓದಿಕೊಳ್ಳುವವರು ಮೇಷ್ಟ್ರನ್ನು ಕೇಳುವುದನ್ನು, ಗೆಳೆಯರೊಡನೆ ಕೂರುವುದನ್ನು ಬಿಡುತ್ತಾರೆ. ತಪ್ಪು ತಿಳಿಯುವುದು ಇನ್ನಷ್ಟು ತಡವಾಗುತ್ತದೆ.

ಆದರೆ ಎರಡು ವಾರ ಮೀರಿಯೂ ನಿದ್ದೆ, ಹಸಿವು ಕೆಟ್ಟೇ ಇದ್ದರೆ, ತರಗತಿಗೆ ಹೋಗಲು ಏಳಲಾಗದಿದ್ದರೆ, ಅದು ಹೊಂದಿಕೊಳ್ಳುವ ಮಾತಲ್ಲ, ವೈದ್ಯರನ್ನೋ ಕಾಲೇಜಿನ ಆಪ್ತಸಮಾಲೋಚಕರನ್ನೋ ಕಾಣಬೇಕು. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ, ಆ ಗಳಿಗೆಯಲ್ಲೇ ಹತ್ತಿರ ಇರುವವರಿಗೆ ಹೇಳಿ. ಹಿರಿಯರು ಕಿರುಕುಳ ಕೊಟ್ಟರೆ ದಿನಾಂಕ, ಹೊತ್ತು, ಜಾಗ ಬರೆದಿಟ್ಟು ಲಿಖಿತ ದೂರು ಕೊಡಿ, ಬಾಯಿಮಾತಿನ ದೂರು ಕಳೆದುಹೋಗುತ್ತದೆ.

ಸಭಿಕರ ಪ್ರಶ್ನೆಗಳು

ಮೊದಲ ಟೆಸ್ಟಿನಲ್ಲಿ ಫೇಲಾದರೆ ಏನು ಮಾಡುವುದು ಸರ್?

ಉತ್ತರಪತ್ರಿಕೆ ಕೇಳಿ ಪಡೆಯಿರಿ. ಒಟ್ಟು ಅಂಕ ನೋಡಿ ಮಡಚಿಡುವುದೇ ದೊಡ್ಡ ತಪ್ಪು. ಕಳೆದುಕೊಂಡ ಪ್ರತಿ ಅಂಕದ ಪಕ್ಕ ಕಾರಣ ಬರೆಯಿರಿ: ಓದಿರಲಿಲ್ಲ, ಓದಿದ್ದೆ ಆದರೆ ನೆನಪಾಗಲಿಲ್ಲ, ಗೊತ್ತಿತ್ತು ಆದರೆ ಸಮಯ ಸಾಲಲಿಲ್ಲ, ಪ್ರಶ್ನೆ ತಪ್ಪಾಗಿ ಓದಿದೆ. ಮೊದಲನೆಯದಕ್ಕೆ ಮದ್ದು ವೇಳಾಪಟ್ಟಿ. ಎರಡನೆಯದಕ್ಕೆ ಮುಚ್ಚಿ ಉತ್ತರಿಸುವ ಅಭ್ಯಾಸ. ಮೂರನೆಯದಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆಯುವುದು. 180 ನಿಮಿಷ, 100 ಅಂಕ ಎಂದರೆ ಅಂಕಕ್ಕೆ 1.8 ನಿಮಿಷ, ಅಂದರೆ 10 ಅಂಕದ ಉತ್ತರಕ್ಕೆ 18 ನಿಮಿಷ. 30 ನಿಮಿಷ ಕೊಟ್ಟರೆ ಕೊನೆಯ ಪ್ರಶ್ನೆ ಹೋಯಿತು. ಕಾರಣ ಬೇರೆ, ಮದ್ದು ಬೇರೆ. ಎಲ್ಲಕ್ಕೂ ‘ಇನ್ನು ಮೇಲೆ ಜಾಸ್ತಿ ಓದುತ್ತೇನೆ’ ಎನ್ನುವವರು ಎರಡನೇ ಟೆಸ್ಟಿನಲ್ಲೂ ಅಲ್ಲೇ ಇರುತ್ತಾರೆ.

ಮಗಳು ಹಾಸ್ಟೆಲಿನಲ್ಲಿದ್ದಾಳೆ. ದಿನವೂ ಫೋನ್ ಮಾಡಬೇಕಾ, ಬೇಡವಾ?

ಎಷ್ಟು ಸಲ ಎನ್ನುವುದಕ್ಕಿಂತ ಏನು ಕೇಳುತ್ತೀರಿ ಎನ್ನುವುದು ಮುಖ್ಯ, ಅಮ್ಮ. ‘ಊಟ ಆಯ್ತಾ, ಓದ್ತಾ ಇದ್ದೀಯಾ’ ಎಂದರೆ ‘ಹ್ಞೂಂ’ ಎಂಬ ಉತ್ತರ ಮಾತ್ರ ಬರುತ್ತದೆ. ‘ಈ ವಾರ ಯಾವ ಪಾಠ ಕಷ್ಟ ಆಯ್ತು? ಯಾರನ್ನ ಕೇಳಿದೆ?’ ಎಂದು ಕೇಳಿ ನೋಡಿ. ಅಳುತ್ತಾ ಫೋನ್ ಮಾಡಿದರೆ ತಕ್ಷಣ ಕರೆದುಕೊಂಡು ಬರಲು ಹೊರಡಬೇಡಿ, ಪೂರ್ತಿ ಕೇಳಿಸಿಕೊಳ್ಳಿ, ಮರುದಿನ ನೀವೇ ಫೋನ್ ಮಾಡಿ. ಎಷ್ಟೋ ಸಲ ರಾತ್ರಿಯ ದುಃಖ ಬೆಳಿಗ್ಗೆಗೆ ಇಳಿದಿರುತ್ತದೆ. ಇಳಿಯದಿದ್ದರೆ, ನಾನು ಆಗಲೇ ಹೇಳಿದ ಎರಡು ವಾರದ ಲೆಕ್ಕ ನೆನಪಿರಲಿ. ಕಿರುಕುಳದ ಮಾತೋ ಸಾಯುವ ಮಾತೋ ಬಂದರೆ ಮಾತ್ರ ಅದನ್ನೂ ಕಾಯಬೇಡಿ.

ನಾನು ತಪ್ಪು ಕೋರ್ಸ್ ತಗೊಂಡಿದ್ದೀನಿ ಅನಿಸ್ತಿದೆ. ಬದಲಾಯಿಸಬೇಕಾ?

ಎರಡನ್ನು ಬೇರೆ ಮಾಡಿ ನೋಡಿ. ವಿಷಯ ಇಷ್ಟವಿಲ್ಲದಿರುವುದು ಒಂದು, ಅಂಕ ಬರದಿರುವುದು ಇನ್ನೊಂದು. ಅಂಕ ಬಂದರೂ ಬೇಸರವಾಗುತ್ತಿದ್ದರೆ ಬದಲಾವಣೆಯ ಯೋಚನೆಗೆ ಅರ್ಥವಿದೆ. ಅಂಕ ಬಾರದೆ ಬೇಸರವಾಗಿದ್ದರೆ ಆರು ವಾರ ಈ ವಿಧಾನಗಳನ್ನು ಹಿಡಿದು ನೋಡಿ, ಹೊಸ ಕೋರ್ಸಿಗೂ ಹಳೆಯ ಓದಿನ ಅಭ್ಯಾಸವೇ ಜೊತೆಗೆ ಬರುತ್ತದೆ. ಆದರೆ ಬದಲಾವಣೆಗೆ ಕೊನೆಯ ದಿನ ಎಂಬುದು ಇರುತ್ತದೆ, ಕೆಲವು ಕಡೆ ಅದು ಸೆಮಿಸ್ಟರಿನ ಮೊದಲ ಕೆಲವು ವಾರಗಳಲ್ಲೇ ಮುಗಿದುಹೋಗುತ್ತದೆ. ಆದ್ದರಿಂದ ನಾಳೆಯೇ ಕಚೇರಿಗೆ ಹೋಗಿ ಮೂರು ವಿಷಯ ಕೇಳಿಕೊಂಡು ಬನ್ನಿ: ಕೊನೆಯ ದಿನಾಂಕ ಯಾವುದು, ಈಗ ಗಳಿಸಿದ ಕ್ರೆಡಿಟ್ ಹೊಸ ಕೋರ್ಸಿಗೆ ಸೇರುತ್ತದೆಯೇ, ಕಟ್ಟಿದ ಶುಲ್ಕ ಏನಾಗುತ್ತದೆ. ಆ ಕೋರ್ಸಿನ ಎರಡನೇ ವರ್ಷದವರೊಬ್ಬರನ್ನು ಹುಡುಕಿ, ಅವರ ಮೂರನೇ ಸೆಮಿಸ್ಟರಿನ ಒಂದು ಪುಸ್ತಕ ತಂದು ಹತ್ತು ಪುಟ ಓದಿ. ಕೋರ್ಸಿನ ಹೆಸರು ಕೇಳಿ ಆಸೆಪಟ್ಟವರಲ್ಲಿ ಕೆಲವರು ಆ ಹತ್ತು ಪುಟ ಓದಿದ ಮೇಲೆ ಇದ್ದಲ್ಲೇ ಉಳಿಯುತ್ತಾರೆ, ಕೆಲವರು ಮರುದಿನವೇ ಅರ್ಜಿ ತುಂಬುತ್ತಾರೆ.